ಒಂದು ಕಳುಹಿಸಿದರೆ ಮೂರು ಬಂದದ್ದು

ಬಿಜೈ, ಮಂಗಳೂರು
೧೭ ಫೆಬ್ರವರಿ ೨೦೨೫

ಪ್ರೀತಿಯ ಪೃಥ್ವಿ ಅಣ್ಣನಿಗೆ,

ನಿನ್ನ ತಂಗಿ ಸಂಚಿತಾಳ ನಮಸ್ಕಾರಗಳು. ಎಡಗಿವಿ ಈಗ ಹೇಗಿದೆ? ಬೋಟಿನ ಇಂಜಿನ್ ಪಕ್ಕದಲ್ಲೇ ನಿನ್ನ ಕೆಲಸವಂತೆ. ರತ್ನಗಿರಿಯಲ್ಲಿ ಒಳ್ಳೆಯ ಕಿವಿ ಡಾಕ್ಟರು ಇದ್ದರೆ ಒಮ್ಮೆ ತೋರಿಸು. ಭುಜದ ಮೂಳೆ ಸರಿಯಾಗಿ ಕೂಡಿದೆಯೇ, ಬಲೆ ಎಳೆಯುವಾಗ ನೋಯುವುದಿಲ್ಲವೇ? ಇಲ್ಲಿ ಅಮ್ಮ ತಕ್ಕಮಟ್ಟಿಗೆ ಹುಷಾರಾಗಿದ್ದಾಳೆ. ಮೀನಿನ ಸಾರು ಮಾಡಿದ ದಿನ ಮಾತ್ರ ಊಟ ಬಿಡುತ್ತಾಳೆ, ಕಾರಣ ಕೇಳಿದರೆ ಹಸಿವಿಲ್ಲ ಅನ್ನುತ್ತಾಳೆ. ನಮ್ಮ ಮನೆಯ ಯಾರ ಕರೆಯೂ ನಿನ್ನ ಫೋನಿಗೆ ಹೋಗುವುದಿಲ್ಲ, ಹಾಗಾಗಿ ಈ ಕಾಗದ. ವಿಳಾಸ ಕೊಟ್ಟವಳು ನಮ್ಮ ಹೋಟೆಲಿನ ಅಡುಗೆಮನೆಯಲ್ಲಿದ್ದ ಐರಿನ್. ನೀನು ತಿಂಗಳಿಗೊಮ್ಮೆ ಅವಳಿಗೆ ಫೋನ್ ಮಾಡಿ ಕೈ ಹೇಗುಂಟು ಎಂದು ಕೇಳುತ್ತೀಯಂತೆ. ಹನ್ನೊಂದು ತಿಂಗಳಲ್ಲಿ ನಾನು ಬಿಕರ್ನಕಟ್ಟೆಯ ಅವಳ ಮನೆಗೆ ಹೋದದ್ದು ಎರಡೇ ಸಲ.

ಮನೆಯಲ್ಲಿ ಯಾರೂ ಆ ದಿನದ ಮಾತೆತ್ತುವುದಿಲ್ಲ. ನಿನಗೆ ಗೊತ್ತಿರುವುದೇ ಆದರೂ ಒಮ್ಮೆ ಬರೆಯುತ್ತೇನೆ, ಓದುವ ಸಂಕಟವನ್ನು ಸಹಿಸಿಕೋ. ಹೋದ ವರ್ಷದ ಶಿವರಾತ್ರಿ, ನನಗೆ ಕಾಲೇಜಿಗೆ ರಜೆ, ನಮ್ಮ ಹೋಟೆಲಿನಲ್ಲಿ ಹನ್ನೊಂದು ಗಂಟೆಯ ಹೊತ್ತು. ಹಿಂದಿನ ಅಂಗಳದ ಬಾವಿಯ ಪಂಪನ್ನೂ ಅಡುಗೆಮನೆಯ ದೊಡ್ಡ ಗ್ರೈಂಡರನ್ನೂ ಅಪ್ಪ ಕೌಂಟರಿನಿಂದಲೇ ಚಾಲೂ ಮಾಡುವ ಹಾಗೆ ನಾನು ಎರಡು ಸಣ್ಣ ಸರ್ಕ್ಯೂಟ್ ಬೋರ್ಡುಗಳನ್ನು ಕೂರಿಸಿದ್ದು ಅದಕ್ಕೆ ಮೂರು ವಾರ ಮೊದಲು. ಕೌಂಟರಿನ ಬೋರ್ಡು ವೈರಿಲ್ಲದೆ ಒಂದು ಅಂಕಿಯನ್ನು ಕಳುಹಿಸುತ್ತದೆ, ಒಳಗಿನದ್ದು ಅದನ್ನು ಕೇಳಿ ಮೋಟರು ತಿರುಗಿಸುತ್ತದೆ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಕಲಿತ ವಿದ್ಯೆ. ಅಪ್ಪ ಬಂದವರಿಗೆಲ್ಲ ತೋರಿಸಿ, "ನನ್ನ ಮಗಳು ಮಾಡಿದ್ದು" ಎನ್ನುತ್ತಿದ್ದರು.

ಟಾಂಕಿಯಲ್ಲಿ ನೀರಿಲ್ಲವೆಂದು ನೀನು ಪಂಪಿನ ಗುಂಡಿ ಒತ್ತಿದೆ. ಒಳಗೆ ಐರಿನ್, ಓಡದೆ ನಿಂತಿದ್ದ ಗ್ರೈಂಡರಿಗೆ ಕೈ ಹಾಕಿ ಕಲ್ಲಿನ ಸಂದಿಯ ಹಿಟ್ಟು ಬಳಿಯುತ್ತಿದ್ದಳು. ಕಲ್ಲು ತಿರುಗಿತು. ಅವಳ ಕಿರುಚಾಟಕ್ಕಿಂತ ಮೊದಲು ನನಗೆ ಕೇಳಿಸಿದ್ದು ಹಸಿ ಕಬ್ಬು ಮುರಿದಂಥ ಶಬ್ದ. ಉದ್ದಿನ ಹಿಟ್ಟು ಕೆಂಪಾಗುತ್ತಾ ಹೋದದ್ದು ಈಗಲೂ ನನಗೆ ಇಡ್ಲಿ ತಟ್ಟೆಯಲ್ಲಿ ಕಾಣುತ್ತದೆ. ಓಡಿ ಬಂದು ಮೈನ್ ಸ್ವಿಚ್ ಕೆಳಗೆ ಎಳೆದವನು ನೀನು. ಕಲ್ಲನ್ನು ಎದೆ ಕೊಟ್ಟು ಹಿಂದಕ್ಕೆ ಹೊರಳಿಸಿ ಅವಳ ಕೈ ಬಿಡಿಸಿದವನೂ ನೀನೇ. ಮೂರು ಬೆರಳು ಹೋಗಿತ್ತು.

ಆಮೇಲೆ ಅಪ್ಪ ದೋಸೆ ಕಾವಲಿಯ ಮೇಲಿದ್ದ ಕಬ್ಬಿಣದ ಸಟ್ಟುಗ ತೆಗೆದುಕೊಂಡರು. ಮೊದಲ ಏಟು ನಿನ್ನ ಕಿವಿಗೆ ಬಿತ್ತು. "ನಾನು ಪಂಪಿನದ್ದೇ ಒತ್ತಿದ್ದು ಅಪ್ಪ, ದೇವರಾಣೆ" ಎಂದೆ ನೀನು. "ಮೊಬೈಲ್ ನೋಡಿಕೊಂಡು ಒತ್ತಿದ್ದು, ಇನ್ನೆಂತ" ಎಂದು ಅವರು ಹೊಡೆಯುತ್ತಲೇ ಇದ್ದರು. ಗಿರಾಕಿಗಳು ಕೈ ತೊಳೆಯದೆ ಎದ್ದು ನಿಂತು ನೋಡುತ್ತಿದ್ದರು. ಸಂಜೆ ಐರಿನ್‌ಳ ಅಣ್ಣ ವಲೇರಿಯನ್ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಯಲ್ಲೇ ನಿನ್ನ ಭುಜಕ್ಕೆ ಹೊಡೆದ. ನೀನು ಬಿದ್ದ ಮೇಲೂ ಬೆನ್ನಿಗೆ ತುಳಿದರು. ಅಪ್ಪ ತಡೆಯಲಿಲ್ಲ. ಅವನು ದೂರು ಕೊಡಲಿಲ್ಲ, ನಾವೂ ಕೊಡಲಿಲ್ಲ. ನಿನ್ನ ಮೂಳೆ ಮುರಿದಲ್ಲಿಗೆ ಲೆಕ್ಕ ಸರಿಹೋಯಿತೆಂದು ಎರಡೂ ಮನೆಯವರು ತೀರ್ಮಾನಿಸಿದರು. ನೀನು ಆಸ್ಪತ್ರೆಯಿಂದ ಬಂದ ದಿನ ಅಪ್ಪ ಮತ್ತೆ ಕೈ ಎತ್ತಿದಾಗ ಅವರನ್ನು ದೂಡಿದೆ. ಅವರ ಹಣೆ ಕೌಂಟರಿನ ಅಂಚಿಗೆ ಬಡಿದು ಆರು ಹೊಲಿಗೆ ಬಿತ್ತು. ನೀನು ಹೊರಟುಹೋದೆ. ಆ ಎರಡು ಬೋರ್ಡುಗಳನ್ನೂ ಅಪ್ಪ ಅದಾಗಲೇ ತೆಂಗಿನಕಾಯಿ ಒಡೆಯುವ ಕತ್ತಿಯಿಂದ ಜಜ್ಜಿ ಎಸೆದಿದ್ದರು.

ಕಳೆದ ತಿಂಗಳು ನಾನು ಅಂಥದೇ ಎರಡು ಬೋರ್ಡುಗಳನ್ನು ತರಿಸಿ, ಆಗ ಬರೆದ ಪ್ರೋಗ್ರಾಮನ್ನೇ ಹಾಕಿ, ಅದೇ ಜಾಗದಲ್ಲಿ ಇಟ್ಟೆ, ಮೋಟರಿಗೆ ಮಾತ್ರ ಸೇರಿಸಲಿಲ್ಲ. ಪಂಪಿಗೆ ನಾನು ಕೊಟ್ಟಿದ್ದ ಅಂಕಿ ಒಂದು, ಗ್ರೈಂಡರಿಗೆ ಮೂರು. ಗಾಳಿಯಲ್ಲಿ ಹೋಗುವಾಗ ಅವು ಸೊನ್ನೆ ಮತ್ತು ಒಂದುಗಳ ಎಂಟು ಗುರುತುಗಳಾಗಿ ಹೋಗುತ್ತವೆ. ಒಂದಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಒಂದೇ ಗುರುತಿನದ್ದು. ಅಷ್ಟು ಕೆಟ್ಟರೆ ಸಾಕು, ಪಂಪು ಎಂದು ಹೇಳಿದ್ದು ಗ್ರೈಂಡರು ಎಂದು ಕೇಳಿಸುತ್ತದೆ. ನಮ್ಮ ಗೋಡೆಯಾಚೆ ವೆಲ್ಡಿಂಗ್ ಅಂಗಡಿ ಉಂಟಲ್ಲ, ಅಲ್ಲಿ ಕಿಡಿ ಹಾರುತ್ತಿರುವಾಗ ಹತ್ತು ಸಾವಿರ ಸಲ ಬರೀ "ಒಂದು" ಎಂದು ಕಳುಹಿಸಿ ನೋಡಿದೆ. ಅರುವತ್ತೊಂದು ಸಲ ಬೇರೆ ಏನೋ ಬಂತು. ಅದರಲ್ಲಿ ನಾಲ್ಕು ಸಲ ಬಂದದ್ದು ಮೂರು.

ತಪ್ಪು ಹಿಡಿಯುವ ದಾರಿ ಇಲ್ಲದೆ ಇಲ್ಲ ಅಣ್ಣ. ದೊಡ್ಡಮ್ಮ ಬಸ್ಸಿನಲ್ಲಿ ಮಾವಿನಹಣ್ಣು ಕಳುಹಿಸಿದರೆ ಫೋನ್ ಮಾಡಿ "ಇಪ್ಪತ್ತಮೂರು ಉಂಟು, ಎಣಿಸಿಕೊಳ್ಳಿ" ಎನ್ನುತ್ತಿದ್ದರಲ್ಲ, ಹಾಗೆ. ಕಳುಹಿಸುವ ಬೋರ್ಡು ಇಡೀ ಸಂದೇಶವನ್ನು ಒಂದು ಸಂಖ್ಯೆಯೆಂದುಕೊಂಡು, ಇಬ್ಬರಿಗೂ ಗೊತ್ತಿರುವ ಇನ್ನೊಂದು ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷವನ್ನು ಸಂದೇಶದ ಬಾಲಕ್ಕೆ ಕಟ್ಟಿ ಕಳುಹಿಸಬೇಕು. ಕೇಳುವ ಬೋರ್ಡು ತಾನೂ ಭಾಗಿಸಿ ನೋಡಬೇಕು. ಶೇಷ ಕೂಡಿಬರದಿದ್ದರೆ ಸಂದೇಶವನ್ನು ಬಿಸಾಡಿ ಸುಮ್ಮನಿರಬೇಕು. ಹೆಚ್ಚೆಂದರೆ ಹತ್ತು ಸಾಲು ಬರೆಯುವ ಕೆಲಸ. ಅದನ್ನು ಸೇರಿಸಿ ಮತ್ತೆ ಹತ್ತು ಸಾವಿರ ಸಲ ಕಳುಹಿಸಿದೆ. ಕೆಟ್ಟುಬಂದವೆಲ್ಲ ಬಾಗಿಲಲ್ಲೇ ಬಿದ್ದವು, ಒಂದೂ ಮೂರಾಗಿ ಒಳಗೆ ಬರಲಿಲ್ಲ. ಹಾಗಿದ್ದರೂ ಗ್ರೈಂಡರನ್ನು ದೂರದಿಂದ ನಿಲ್ಲಿಸಬಹುದೇ ಹೊರತು ಚಾಲೂ ಮಾಡುವ ಹಾಗೆ ಇಡಲೇಬಾರದಿತ್ತು. ಇದು ಯಾವ ಪುಸ್ತಕವೂ ಬೇಡದ ಬುದ್ಧಿ.

ಎಂಟು ದಿನದ ಹಿಂದೆ, ಭಾನುವಾರ, ಅಪ್ಪನನ್ನು ಕೂರಿಸಿ, ಬೋರ್ಡಿನ ಪಕ್ಕ ಡ್ರಿಲ್ ಮೆಷಿನ್ ಓಡಿಸಿ, ಎಲ್ಲವನ್ನೂ ತೋರಿಸಿದೆ. ಒಂದು, ಒಂದು, ಒಂದು ಎಂದು ಬರುತ್ತಾ ಇದ್ದದ್ದು ಬಹಳ ಹೊತ್ತಿನ ಮೇಲೆ ಮೂರಾಯಿತು. "ಅಂದರೆ ಅವನು ಹೇಳಿದ್ದು ಸತ್ಯವಾ?" ಎಂದು ಕೇಳಿದರು. ಹೌದೆಂದೆ. ಹುಟ್ಟಿದಾರಭ್ಯ ನನ್ನ ಮೇಲೆ ಕೈ ಮಾಡದವರು ಕೆನ್ನೆಗೆ ಹೊಡೆದ ಹೊಡೆತಕ್ಕೆ ತುಟಿ ಸೀಳಿತು. ಆಮೇಲೆ ಸಟ್ಟುಗ ಇಡುವ ಮೂಲೆಯನ್ನೇ ನೋಡುತ್ತಾ ಕುಳಿತರು. ಮರುದಿನ ಇಬ್ಬರೂ ಬಿಕರ್ನಕಟ್ಟೆಗೆ ಹೋದೆವು. ವಿಷಯ ಕೇಳಿದ ವಲೇರಿಯನ್ ನಮ್ಮ ಅಪ್ಪನ ಕಾಲರ್ ಹಿಡಿದು ಗೋಡೆಗೆ ಒತ್ತಿದ. "ನನ್ನ ಕೈಯಲ್ಲಿ ತಪ್ಪಿಲ್ಲದವನನ್ನು ಹೊಡೆಸಿದಿರಲ್ಲ ನೀವು" ಎಂದ. ಐರಿನ್ ತನ್ನ ಎರಡು ಬೆರಳಿನ ಕೈಯಿಂದ ಅವನ ಅಂಗಿ ಹಿಡಿದೆಳೆದು, "ಬಿಡು, ನಾನು ಆಗಲೇ ಹೇಳಿದ್ದೆ, ಪೃಥ್ವಿ ಹಾಗೆ ಮಾಡುವವನಲ್ಲ ಅಂತ, ನೀನು ಕೇಳಿದ್ದುಂಟಾ?" ಎಂದಳು. ವಲೇರಿಯನ್ ಅಲ್ಲೇ ಮೆಟ್ಟಿಲಲ್ಲಿ ಕುಳಿತುಬಿಟ್ಟ. ನಿನ್ನ ಯಾವ ಭುಜ ಎಂದು ನನ್ನನ್ನು ಕೇಳಿದ. ಅವನಿಗೆ ಅದೂ ನೆನಪಿರಲಿಲ್ಲ.

ಅಪ್ಪ ನಿನಗೆ ಬರೆಯಲು ಮೂರು ಸಲ ಕುಳಿತು ಎದ್ದಿದ್ದಾರೆ. ಅವರ ಪರವಾಗಿ ನಾನು ಏನೂ ಕೇಳುವುದಿಲ್ಲ. ಅಮ್ಮನ ಆಶೀರ್ವಾದವನ್ನು ಮಾತ್ರ ತಲುಪಿಸುತ್ತಿದ್ದೇನೆ. ಸಮುದ್ರಕ್ಕೆ ಹೋಗುವ ಮೊದಲು ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಬೇಕಂತೆ.

ನಿನ್ನ ತಂಗಿ,
ಸಂಚಿತಾ

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಇಲ್ಲಿಯವರೆಗೆ ಬಂದೆ. ಮೇಲಿನದ್ದೆಲ್ಲ ನಿಜ, ಆದರೆ ನಿನ್ನ ತಪ್ಪಿಲ್ಲವೆಂದು ನನಗೆ ಕಳೆದ ತಿಂಗಳು ತಿಳಿದದ್ದಲ್ಲ, ಆ ದಿನವೇ ಗೊತ್ತಿತ್ತು. ಬ್ಯಾಟರಿಯಲ್ಲಿ ಓಡುವ ಆ ಎರಡು ಬೋರ್ಡುಗಳಿಗೂ ಬೆರಳಗಲದ ಒಂದೊಂದು ಪರದೆ ಇತ್ತು, ಕೊನೆಗೆ ಕಳುಹಿಸಿದ ಅಥವಾ ಕೇಳಿದ ಅಂಕಿ ಮೈನ್ ಸ್ವಿಚ್ ಎಳೆದ ಮೇಲೂ ಅದರಲ್ಲಿ ಉಳಿಯುತ್ತಿತ್ತು. ನೀನು ಐರಿನ್‌ಳನ್ನು ಎತ್ತಿಕೊಂಡು ಹೊರಗೆ ಓಡಿದಾಗ ನಾನು ಕೌಂಟರಿಗೂ ಹೋಗಿ ನೋಡಿದೆ. ಅಲ್ಲಿ ಕಳುಹಿಸಿದ್ದು ಒಂದು, ಇಲ್ಲಿ ಬಂದದ್ದು ಮೂರು. ಎರಡರ ಬ್ಯಾಟರಿ ವೈರನ್ನೂ ನಾನೇ ಕಿತ್ತೆ, ಅಂಕಿ ಅಳಿಸಿಹೋಯಿತು. ಅವಳನ್ನು ಆಟೋ ಹತ್ತಿಸಿ ನೀನು ಒಳಗೆ ಬಂದ ಮೇಲೆ ಅಪ್ಪ ಸಟ್ಟುಗ ಎತ್ತಿದರು. ನೀನು ಏಟು ತಿನ್ನುತ್ತಾ ನನ್ನ ಕಡೆಗೆ ನೋಡಿ, "ನೀನಾದರೂ ಹೇಳು ಮಾರಾಯ್ತಿ" ಎಂದೆ. ನಾನು ಹೇಳಲಿಲ್ಲ. ಈ ಮಾತು ಇನ್ನೂ ಯಾರಿಗೂ ಗೊತ್ತಿಲ್ಲ, ಮೊದಲು ನಿನಗೆ ತಿಳಿಯಬೇಕು. ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ನೇರ ಐರಿನ್ ಮನೆಗೆ ಹೋಗುತ್ತಿದ್ದೇನೆ. ಅವಳು ಹೊಡೆದರೆ ಹೊಡೆಯಲಿ, ನಾನು ಕೈ ಅಡ್ಡ ಹಿಡಿಯುವುದಿಲ್ಲ.