ಅಟ್ಟಕ್ಕೆ ಹಾಕಿದ ಸಿನಿಮಾ

ಆಗಸ್ಟ್ 3, ಭಾನುವಾರ. ಬೆಳಿಗ್ಗೆ 7

ಹೊಯ್ಸಳರಾದ ಮೇಲೆ ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಕಡೆ ಕಲೆ ಅಂತ ಏನಾದರೂ ನಡೆದಿದ್ದರೆ ಅದು ನನ್ನೊಬ್ಬನಿಂದ. ನಡುವಿನ ಏಳುನೂರು ವರ್ಷ ಖಾಲಿ. ಯಾರೂ ಬರೆದಿಟ್ಟಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಅಟ್ಟ ಹತ್ತಿ ಇಳಿದೆ. ಹತ್ತಿಪ್ಪತ್ತು ತೆಂಗಿನಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಒಣಗಿದ ತಿರುಳು, ಗಿಟುಕು, ಲೊಟಲೊಟ ಅನ್ನುತ್ತಿದೆ. ಇನ್ನೊಂದು ತಿಂಗಳಿಗೆ ಒಡೆಯಬಹುದು. ಹನ್ನೊಂದು ತಿಂಗಳು ಅಟ್ಟದಲ್ಲಿ ಮಲಗಿದರೆ ಕಾಯಿ ಕೊಬ್ಬರಿಯಾಗುತ್ತದೆ. ಅವಸರ ಮಾಡಿದವನಿಗೆ ಕೌಟು ವಾಸನೆಯೇ ಗತಿ. ಅಪ್ಪ ಕಲಿಸಿದ ವಿದ್ಯೆ. ಏಳನೇ ಕ್ಲಾಸಿನವರೆಗೆ ಯಾವ ಮೇಷ್ಟ್ರೂ ಇಷ್ಟು ಉಪಯೋಗಕ್ಕೆ ಬರುವಂಥದ್ದು ಹೇಳಿಕೊಡಲಿಲ್ಲ.

ನಿನ್ನೆ ಸಿರಿ ಬಂದಿದ್ದಳು, ತಮ್ಮನ ಮಗಳು. ಹಾಸನದಲ್ಲಿ ಲೆಕ್ಚರರ್. ಫೋನಿನಲ್ಲಿ ನನ್ನ ಸಿನಿಮಾದ ಟ್ರೈಲರ್ ತೋರಿಸಿದೆ. ಪೂರ್ತಿ ನೋಡಿದಳು. ನಕ್ಕಳು. ಪ್ರೀತಿಯಿಂದಲೇ ಅಂದಳು, "ದೊಡ್ಡಪ್ಪ, ಇದು ಪಕ್ಕಾ ಬಿ ಮೂವಿ."

ಎರಡು ಸಲ ಹೇಳಿಸಿದೆ. ಬಿ ಅಂತೆ. ಇಡ್ಲಿ ಒಂದನ್ನು ಬಿಟ್ಟರೆ ಯಾವುದರಲ್ಲೂ ಎರಡನೇದಕ್ಕೆ ಕೈ ಹಾಕಿದವನಲ್ಲ ನಾನು...

ಆಗಸ್ಟ್ 4

ನಿದ್ದೆಗೆಟ್ಟು ಯೋಚಿಸಿದೆ. ನಮ್ಮ ಸಿನಿಮಾದಲ್ಲಿ ಏನು ಕಡಿಮೆ?

ಹೆಸರು 'ಏಳು ಕೈಯ ಮೋಹಿನಿ'. ಡೈರೆಕ್ಟರ್ ಇಂದ್ರೇಶ್, ಅಕ್ಕನ ಮಗ. ಅದಕ್ಕೂ ಮುಂಚೆ ಮದುವೆ ವಿಡಿಯೋ ತೆಗೆಯುತ್ತಿದ್ದ. ಪ್ರೊಡ್ಯೂಸರ್ ನಾನು. ಹೋದ ವರ್ಷ ಹದಿನಾರು ದಿನದಲ್ಲಿ ಶೂಟಿಂಗ್ ಮುಗಿಸಿದೆವು. ಮೊದಲು ಎಂಟು ಕೈ ಅಂತಲೇ ಇತ್ತು. ಬೇಲೂರಿನಲ್ಲಿ ರಬ್ಬರ್ ಕೈ ಮಾಡಿಸಿಕೊಂಡು ಬಸ್ಸಿನಲ್ಲಿ ತರುವಾಗ ಒಂದು ಸೀಟಿನ ಕೆಳಗೇ ಉಳಿಯಿತು. ಡಿಪೋಗೆ ಹೋಗಿ ಕೈ ಕಳೆದಿದೆ ಅಂತ ಕೇಳಲು ಇಂದ್ರೇಶನಿಗೆ ನಾಚಿಕೆ. ಹೊಸ ಕೈಗೆ ನಾಲ್ಕು ಸಾವಿರ. ಹೆಸರು ಬದಲಾಯಿಸಲು ಏನೂ ಖರ್ಚಿಲ್ಲ. ಬದಲಾಯಿಸಿದೆ. ಇದಕ್ಕೆ ಪ್ರೊಡ್ಯೂಸರ್ ಬುದ್ಧಿ ಅನ್ನುತ್ತಾರೆ.

ದೇವಸ್ಥಾನದೊಳಗೆ ಶೂಟಿಂಗಿಗೆ ಬಿಡುವ ಮಾತೇ ಇರಲಿಲ್ಲ. ಹಳೇಬೀಡಿನ ಕಂಬಗಳನ್ನು ಥರ್ಮಾಕೋಲಿನಲ್ಲಿ ಕೊರೆಸಿ ನನ್ನ ಕೊಬ್ಬರಿ ಗೋಡೌನಿನಲ್ಲಿ ನಿಲ್ಲಿಸಿದೆವು. ಹೀರೋ ಓಡುವ ಸೀನು ಮಾತ್ರ ಬಸ್ತಿಹಳ್ಳಿ ರಸ್ತೆಯಲ್ಲಿ. ಸೆನ್ಸಾರ್ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ವ್ಯಾಪಾರದ ಮಂಡಿಯಲ್ಲಿ ತೂಗುಹಾಕಿದ್ದೇನೆ.

ಊರಿಗೆಲ್ಲ ಐವತ್ತು ಲಕ್ಷದ ಸಿನಿಮಾ ಅಂತ ಹೇಳಿದ್ದೇನೆ. ಮನೆಯಲ್ಲಿ ಹೆಂಡತಿ ಕಾಂತಮ್ಮನಿಗೆ ಎರಡು ಲಕ್ಷ ಅಂತ. ನಿಜ ಈ ಎರಡರ ನಡುವೆ ಎಲ್ಲೋ ಕೂತಿದೆ. ಅವಳಿಗೆ ಗೊತ್ತಾಗುವ ಮುಂಚೆ ಹಾಕಿದ್ದು ವಾಪಸ್ ಬಂದರೆ ಸಾಕು. ಬೇರೆ ಚಿಂತೆಯಿಲ್ಲ.

ಆಗಸ್ಟ್ 6. ಮಧ್ಯಾಹ್ನ, ಮಂಡಿಯಲ್ಲಿ

ಸಿರಿಗೆ ಫೋನ್ ಮಾಡಿ ಜಗಳ ಮಾಡಿದೆ. ಅವಳು ಪಾಠ ಮಾಡಿದಳು.

ಹಿಂದೆ ಅಮೆರಿಕದಲ್ಲಿ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರಂತೆ. ದೊಡ್ಡ ಸ್ಟಾರ್, ದೊಡ್ಡ ಖರ್ಚಿನದು ಎ. ಜೊತೆಗೆ ಕೊಡುತ್ತಿದ್ದದ್ದು ಬಿ. ಕಡಿಮೆ ದುಡ್ಡು, ಕಡಿಮೆ ದಿನ, ಒಂದು ಗಂಟೆ ಚಿಲ್ಲರೆ ಉದ್ದ, ಯಾರೂ ಕಂಡರಿಯದ ಮುಖಗಳು. ಈಗ ಆ ಪದ್ಧತಿ ಹೋಯಿತು, ಹೆಸರು ಉಳಿಯಿತು. ಅಗ್ಗದಲ್ಲಿ ಮಾಡಿದ ದೆವ್ವ, ಹೊಡೆದಾಟ ಎಲ್ಲ ಬಿ. ಕೆಟ್ಟ ಸಿನಿಮಾ ಅಂತ ಅರ್ಥ ಅಲ್ಲವಂತೆ. ಎಷ್ಟೋ ಎ ಮರೆತುಹೋಗಿವೆ, ಬಿ ಉಳಿದಿವೆ ಅಂದಳು.

ಅಂದರೆ ಕೊಸರು. ಸೇರು ಅಳೆದ ಮೇಲೆ ಒಂದು ಹಿಡಿ ಜಾಸ್ತಿ ಹಾಕುತ್ತಾರಲ್ಲ, ಅದು. ಅವಮಾನವೇನೂ ಅಲ್ಲ. ಕೊಸರಿಗೋಸ್ಕರ ಅಂಗಡಿಯನ್ನೇ ಬದಲಾಯಿಸುವ ಹೆಂಗಸರಿದ್ದಾರೆ. ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ.

ಆದರೂ ಒಪ್ಪಲಿಲ್ಲ. ಖರ್ಚಿನ ಮೇಲೆ ಹೇಳುವುದಾದರೆ ಊರಿಗೆ ಐವತ್ತು ಲಕ್ಷ ಅಂದಿದ್ದೇನೆ. ಆ ಲೆಕ್ಕದಲ್ಲಿ ನಮ್ಮದು ಎ.

ಆಗಸ್ಟ್ 8

ಇದನ್ನು ಬರೆಯಲು ಮನಸ್ಸಿರಲಿಲ್ಲ. ಬರೆಯುತ್ತೇನೆ.

ಹೋದ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಒಬ್ಬ ಬಂದಿದ್ದ. ಹಿಂದಿಗೆ ಡಬ್ ಮಾಡಿ ಯೂಟ್ಯೂಬಿಗೆ ಹಾಕುವ ವ್ಯಾಪಾರ. ಒಂಬತ್ತು ಲಕ್ಷ ಕೊಡುತ್ತೇನೆ ಅಂದ. ಮೊದಲು ಕೂಗಿದ ರೇಟಿಗೆ ಮಾಲು ಕೊಟ್ಟವನು ಕೊಬ್ಬರಿ ವ್ಯಾಪಾರಿಯೇ ಅಲ್ಲ. ಹನ್ನೊಂದು ತಿಂಗಳು ಬಿಟ್ಟು ಬಾರಪ್ಪ ಅಂದೆ. ಹಾರ್ಡ್ ಡಿಸ್ಕನ್ನು ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ ಕಾಯಿಗಳ ಪಕ್ಕ ಇಟ್ಟೆ. ಇಂದ್ರೇಶ್ ಬೇಡ ಅಂದ. ಸುಮ್ಮನಿರು, ವ್ಯಾಪಾರ ನಿನಗೆ ಗೊತ್ತಾಗಲ್ಲ ಅಂದೆ. ಈ ವರ್ಷ ಕೊಬ್ಬರಿ ರೇಟು ಎಲ್ಲಿಂದ ಎಲ್ಲಿಗೆ ಹೋಯಿತು! ಕಾದವರೆಲ್ಲ ಗೆದ್ದರು. ಸಿನಿಮಾ ರೇಟು ಯಾಕೆ ಏರಬಾರದು ಅಂತ ನನ್ನ ತರ್ಕ.

ಹನ್ನೊಂದು ತಿಂಗಳು ತುಂಬಿತು. ಇವತ್ತು ಅವನಿಗೆ ಫೋನ್ ಮಾಡಿದೆ. ಈಗ ಆ ಮಾಲು ಯಾರೂ ಕೇಳುತ್ತಿಲ್ಲ, ನಿಮ್ಮ ಮುಖ ನೋಡಿ ಎಂಬತ್ತು ಸಾವಿರ ಅಂದ. ನನ್ನ ಮುಖಕ್ಕೆ ಎಂಬತ್ತು ಸಾವಿರ ಕಡಿಮೆಯೇನಲ್ಲ, ಆದರೂ...

ಇಂದ್ರೇಶ್ ಪಕ್ಕದಲ್ಲೇ ಇದ್ದ. ಬೈಯಲಿಲ್ಲ. ಅದೇ ಕಷ್ಟವಾಯಿತು. "ಮಾವ, ಕಾಯಿ ಇಟ್ಟಷ್ಟೂ ಹದ ಆಯ್ತದೆ. ಸಿನಿಮಾ ಇಟ್ಟಷ್ಟೂ ಹಳೇದಾಯ್ತದೆ" ಅಂದ.

ಕೊಟ್ಟುಬಿಟ್ಟೆ. ಎಂಬತ್ತು ಸಾವಿರಕ್ಕೆ.

ಆಗಸ್ಟ್ 12

ಮಾರಿದ್ದು ಹಿಂದಿಯದು, ಕನ್ನಡದ್ದು ನನ್ನ ಕೈಯಲ್ಲೇ ಇದೆ. ನಮ್ಮೂರ ಥಿಯೇಟರ್ ಮ್ಯಾನೇಜರ್ ಪುಟ್ಟರಾಜು ಹತ್ತಿರ ಹೋದೆ. ಬರಬೇಕಾಗಿದ್ದ ದೊಡ್ಡ ಸಿನಿಮಾ ಒಂದು ವಾರ ಮುಂದೆ ಹೋಗಿದೆಯಂತೆ. ಮೂರು ದಿನ ಬೆಳಗಿನ ಆಟ ಕೊಡುತ್ತೇನೆ ಅಂದ. ಬಂದದ್ದರಲ್ಲಿ ಅರ್ಧ ಪಾಲು. ಬಿ ಮೂವಿ ಅಂದರೆ ಏನಪ್ಪ ನಿನ್ನ ಪ್ರಕಾರ ಅಂತ ಕೇಳಿದೆ. ಅವನದು ಬೇರೆಯೇ ಶಾಸ್ತ್ರ. ಪೋಸ್ಟರ್ ಅಂಟಿಸುವ ಜಾಗದ ಮೇಲೆ ಹೇಳಬೇಕಂತೆ. ಗೇಟಿಗೆ ಅಂಟಿಸಿದರೆ ಎ, ಸೈಕಲ್ ಸ್ಟ್ಯಾಂಡಿಗೆ ಅಂಟಿಸಿದರೆ ಬಿ.

ನಮ್ಮದನ್ನು ಎಲ್ಲಿಗೆ ಅಂದೆ.

"ಸೈಕಲ್ ಸ್ಟ್ಯಾಂಡಲ್ಲೂ ಜಾಗ ನೋಡ್ಬೇಕು ಸಾವ್ಕಾರ್ರೇ" ಅಂದ.

ಆಗಸ್ಟ್ 15. ಮಧ್ಯಾಹ್ನ 3

ಮೊದಲ ಆಟ ಮುಗಿಯಿತು.

ಬಂದವರು ಅರವತ್ತೆರಡು. ಅದರಲ್ಲಿ ಹತ್ತೊಂಬತ್ತು ನೆಂಟರು. ಹತ್ತು ನಿಮಿಷ ಎಲ್ಲರೂ ಗಂಭೀರವಾಗಿ ನೋಡಿದರು. ಆಮೇಲೆ ಮೋಹಿನಿ ಬಂದು ಕಂಬಕ್ಕೆ ಒರಗಿದಳು. ಕಂಬ ವಾಲಿತು. ಹಿಂದಿನಿಂದ ಯಾರೋ ಅಂದರು, "ಕಂಬ ಹಿಡ್ಕಳ್ರಲಾ, ಹಳೇಬೀಡು ಇನ್ನೊಂದ್ ಸಲ ಹಾಳಾಯ್ತದೆ."

ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ನಾನು ಸೀಟಿನಲ್ಲಿ ಜಾರಿ ಕೂತೆ. ಹೆದರಿಸಲು ಮಾಡಿದ್ದು. ಆ ಕಂಬಕ್ಕೆ ಬಣ್ಣ ಹೊಡೆದವನು ನಾನೇ.

ಆಮೇಲೆ ಕೈ ಎಣಿಸಲು ಶುರು ಮಾಡಿದರು. ಮೋಹಿನಿ ಬಂದಾಗೆಲ್ಲ ಒಟ್ಟಿಗೆ, ಗಟ್ಟಿಯಾಗಿ, ಮಗ್ಗಿ ಹೇಳಿದ ಹಾಗೆ: ಒಂದು, ಎರಡು, ಮೂರು... ಒಂದು ಸೀನಿನಲ್ಲಿ ಆರು ಕೈ. ಇನ್ನೊಂದರಲ್ಲಿ ಒಂಬತ್ತು. ಒಂಬತ್ತು ಹೇಗೆ ಬಂತು ಅಂತ ಇಂದ್ರೇಶನಿಗೂ ಗೊತ್ತಿಲ್ಲ. ಎದ್ದು ಹೋಗೋಣ ಅಂತ ಕಾಂತಮ್ಮನ ಕಡೆ ತಿರುಗಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತಾ ಎಣಿಸುತ್ತಿದ್ದಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇಷ್ಟು ನಕ್ಕಿದ್ದು ನಾನು ಕಂಡಿಲ್ಲ. ನಾನು ಹೇಳಿದ ಯಾವ ಜೋಕಿಗೂ ನಕ್ಕವಳಲ್ಲ.

ಕೂತೆ. ಏಳನೇ ಕೈಗೆ ನಾನೂ ಒಂದು ಸಲ ಕೂಗಿದೆ.

ಇಂಟರ್ವಲ್ಲಿನಲ್ಲಿ ಒಬ್ಬನೂ ಮನೆಗೆ ಹೋಗಲಿಲ್ಲ.

ಆಗಸ್ಟ್ 16

ಕೆಳಗಡೆ ಹೌಸ್‌ಫುಲ್. ಹಳೇಬೀಡಿನಿಂದ ಎರಡು ಟೆಂಪೋ ಜನ ಬಂದರು. ಹೀರೋ ಓಡುವಾಗ ಎಲ್ಲರೂ ನಿಂತುಕೊಂಡು ನಮ್ಮ ಬಸ್ತಿಹಳ್ಳಿ ರೋಡು, ನಮ್ಮ ರೋಡು ಅಂತ ಕಿರುಚಿದರು. ನಿನ್ನೆ ಬಂದವರಲ್ಲಿ ಇಪ್ಪತ್ತು ಜನ ಮತ್ತೆ ಬಂದಿದ್ದರು. ಪುಟ್ಟರಾಜು ಪೋಸ್ಟರ್ ಕಿತ್ತು ತಂದು ತಾನೇ ಗೇಟಿಗೆ ಅಂಟಿಸಿದ. ಕೈ ಲೆಕ್ಕ ತಪ್ಪಿಸಿದ್ದು ಬೇಕೆಂದೇ ಅಂತ ಎಲ್ಲರಿಗೂ ಹೇಳಿದ್ದೇನೆ. ನಂಬಿದರು. ನಾನೂ ಅರ್ಧ ನಂಬಿದೆ.

ಸಿರಿ ಹಾಸನದಿಂದ ಗೆಳತಿಯರನ್ನು ಕಟ್ಟಿಕೊಂಡು ಬಂದಿದ್ದಳು. ಕಾಫಿ ಕುಡಿಯುವಾಗ ಮತ್ತೆ ಅದೇ ಪ್ರಶ್ನೆ ಕೇಳಿದೆ. ಈ ಸಲ ಅಮೆರಿಕ ಬರಲಿಲ್ಲ. ಸ್ವಲ್ಪ ಯೋಚಿಸಿ ಅಂದಳು:

"ಕಾಸಿಲ್ದೆ ಮಾಡಿರ್ಬೇಕು ದೊಡ್ಡಪ್ಪ. ಆದ್ರೆ ಮಾಡ್ದೋರಿಗೆ ಕಾಸಿಲ್ಲ ಅನ್ನೋದೇ ನೆನಪಿರ್ಬಾರ್ದು. ನಗ್ಸಕ್ಕೆ ಅಂತ ಮಾಡಿದ್ರೆ ಅದು ಬಿ ಮೂವಿ ಅಲ್ಲ, ಮಿಮಿಕ್ರಿ."

ಇದು ನನಗೆ ಸರಿಯೆನಿಸಿತು. ಉತ್ತರ ಭಾರತದವರು ಕೊಳ್ಳುವುದು ದುಂಡಗೆ ಇಡಿಯಾಗಿ ಇರುವ ಕೊಬ್ಬರಿ. ಒಡೆದ ಚೂರನ್ನು ಅವರು ಮೂಸಿಯೂ ನೋಡಲ್ಲ. ನಮ್ಮ ಮನೆಯ ಸಾರಿಗೆ ಬೀಳುವುದು ಮಾತ್ರ ಯಾವತ್ತೂ ಚೂರೇ. ರುಚಿಯಲ್ಲಿ ಕಡಿಮೆ ಅಂತ ಯಾರೂ ತಟ್ಟೆ ಬಿಟ್ಟು ಎದ್ದಿಲ್ಲ.

ಆಯಿತು. ಬಿ. ಒಪ್ಪಿದೆ.

ಆಗಸ್ಟ್ 17

ಕೊನೆಯ ಆಟ. ಬೇಲೂರಿನವರೂ ಬಂದಿದ್ದರು. ಥಿಯೇಟರಿನಿಂದ ನನ್ನ ಪಾಲು ಬಂತು, ಮೂವತ್ತೊಂದು ಸಾವಿರ. ಸಂಜೆ ಕಾಂತಮ್ಮ ಒಬ್ಬಟ್ಟು ಮಾಡಿದ್ದಳು. ತಿನ್ನುತ್ತಾ ಬಾಯಿ ಜಾರಿತು: ಹಾಕಿದ ಎರಡು ಲಕ್ಷ ಬಂತು ಕಣೇ, ಮೇಲೆ ಇಪ್ಪತ್ತು ಸಾವಿರ ಲಾಭ ಅಂದೆ. ಇನ್ನೊಂದು ಒಬ್ಬಟ್ಟು ಹಾಕಿದಳು. ತುಪ್ಪವನ್ನೂ ಹಾಕಿದಳು.

ಆಗಸ್ಟ್ 24, ಭಾನುವಾರ

ಒಂದು ವಾರ ಬರೆಯಲಿಲ್ಲ. ರಸ್ತೆಯಲ್ಲಿ ಹೋದರೆ ಜನ ಏಳು ಬೆರಳು ತೋರಿಸಿ ನಗುತ್ತಾರೆ. ಖುಷಿಯಾಗಿದ್ದೆ.

ಇವತ್ತು ಊಟಕ್ಕೆ ಇಂದ್ರೇಶ್ ಬಂದಿದ್ದ. ಮೋಹಿನಿಯ ಎರಡನೇ ಭಾಗದ ಕಥೆ ಹೇಳಿದ. ಕಾಂತಮ್ಮ ಬಡಿಸುತ್ತಾ ಕೇಳಿದಳು. ಕೈ ತೊಳೆದು ಬಂದು ಕೂತಳು. ಜಾವಗಲ್ ಹತ್ತಿರ ಅವಳ ತವರಿನ ತೋಟದಲ್ಲಿ ಅವಳ ಪಾಲಿನ ಮರಗಳಿವೆ. ಈ ವರ್ಷ ಆ ಕೊಬ್ಬರಿಗೆ ಆರು ಲಕ್ಷ ಬಂದಿದೆ, ಅವಳ ಹೆಸರಿನಲ್ಲೇ ಇದೆ. ನಾನು ಇವತ್ತಿನವರೆಗೆ ಮುಟ್ಟಿಲ್ಲ. ಅದನ್ನು ನಾಡಿದ್ದು ಗೌರಿ ಹಬ್ಬದ ದಿನ ಇಂದ್ರೇಶನ ಕೈಗೆ ಕೊಡುತ್ತಾಳಂತೆ.

"ಎರಡು ಲಕ್ಷಕ್ಕೇ ಊರೆಲ್ಲಾ ನಗ್ಸಿದ್ರಲ್ರೀ, ಮೇಲೆ ಲಾಭಾನೂ ತಂದ್ರಿ. ಆರು ಲಕ್ಷ ಹಾಕಿದ್ರೆ ಎಂಟೂ ಕೈ ಬತ್ತವೆ" ಅಂದಳು.

ಇಂದ್ರೇಶ್ ನನ್ನ ಮುಖ ನೋಡಿದ. ಅವನಿಗೆ ಎಲ್ಲ ಲೆಕ್ಕ ಗೊತ್ತು. ಅತ್ತೆಯ ದುಡ್ಡು ಬೇಕು ಅಂತ ಅವನ ಕಣ್ಣು, ಬೇಡ ಅಂತ ಅವನ ತಲೆ. ನಾನು ಹಬ್ಬ ಕಳೆಯಲಿ, ಮಾರ್ಕೆಟ್ ನೋಡೋಣ, ಸ್ವಲ್ಪ ಕಾಯೋಣ ಅಂತ ಏನೇನೋ ತೊದಲಿದೆ.

ಕಾಂತಮ್ಮ ಎದ್ದು ತಟ್ಟೆ ತೆಗೆದಳು. ನಾನು ಲಾಭದ ವ್ಯಾಪಾರವನ್ನು ಬೇಡ ಅಂದಿದ್ದು ಅವಳು ಇದೇ ಮೊದಲು ನೋಡಿದ್ದು.

ಆಗಸ್ಟ್ 25. ಬೆಳಿಗ್ಗೆ 6

ಎದ್ದು ಬಂದರೆ ಮೇಜಿನ ಮೇಲೆ ಮಂಡಿಯಲ್ಲಿ ರೈತರಿಗೆ ತೂಕ ಬರೆದುಕೊಡುವ ಚೀಟಿ ಪುಸ್ತಕ, ಪೆನ್ನು. ಕಾಫಿ ಲೋಟ ಇಟ್ಟು ಕಾಂತಮ್ಮ ಎದುರಿಗೆ ನಿಂತಳು. ಸಿಟ್ಟಿಲ್ಲ. ನಗುವೂ ಇಲ್ಲ.

"ಸಿನಿಮಾ ಲೆಕ್ಕ ಇದ್ರಲ್ಲಿ ಬರ್ಕೊಡಿ. ನಿಮ್ ಬಾಯಿ ಐವತ್ತು ಲಕ್ಷಾನೂ ಅಂತೈತೆ, ಎರಡು ಲಕ್ಷಾನೂ ಅಂತೈತೆ. ಚೀಟಿ ಮೇಲೆ ನೀವು ಸುಳ್ಳು ಬರ್ದಿದ್ದು ನಾನ್ ಕಂಡಿಲ್ಲ. ಏನ್ ಬರೀತೀರೋ ಅದನ್ನ ನಂಬಿ ಇಂದ್ರೇಶಂಗೆ ಕೊಡದೋ ಬಿಡದೋ ನೋಡ್ತೀನಿ. ಬೈಯಲ್ಲ."

ಸ್ನಾನಕ್ಕೆ ಹೋದಳು.

ಅವಳು ಅಂದಿದ್ದು ನಿಜ. ಈ ದಿನಚರಿಯಲ್ಲಿ ಏನು ಬೇಕಾದರೂ ಬರೆಯುತ್ತೇನೆ, ಹೊಯ್ಸಳರನ್ನೂ ಎಳೆದು ತರುತ್ತೇನೆ. ಚೀಟಿ ಹಾಗಲ್ಲ. ರೈತ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೋಗುತ್ತಾನೆ. ಮೂವತ್ತು ವರ್ಷದಲ್ಲಿ ಅದರಲ್ಲಿ ಕಾಲು ಕೆಜಿಯೂ ತಪ್ಪು ಬರೆದಿಲ್ಲ. ಈಗ ಎರಡು ಲಕ್ಷ ಅಂತ ಬರೆಯಲು ಹೋದೆ. 'ಎರಡು' ಬರೆದೆ, ಮುಂದೆ ಪೆನ್ನು ಏಳಲಿಲ್ಲ. ಆ ಹಾಳೆ ಹರಿದೆ.

ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ಬಹಳ ಇದೆ ಅಂದರೂ ಸುಳ್ಳೇ. ಮೂರು ದಿನ ಆ ನಗು ಕೇಳಿದ್ದೇನೆ. ಅವಳದನ್ನೂ ಕೇಳಿದ್ದೇನೆ.

ಕೈ ಅಭ್ಯಾಸವಾಗಲಿ, ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಚೀಟಿಗೆ.

ಹಾಕಿದ್ದು, ಕಂಬದ ಬಣ್ಣವೂ ಸೇರಿ, ಹದಿನಾಲ್ಕು ಲಕ್ಷ ಅರವತ್ತು ಸಾವಿರ.

ಡಬ್ಬಿಂಗಿನವನು ಕೊಟ್ಟಿದ್ದು ಎಂಬತ್ತು ಸಾವಿರ. ಥಿಯೇಟರ್ ಮೂವತ್ತೊಂದು.

ಬಚ್ಚಲ ಬಾಗಿಲು ತೆಗೆದ ಸದ್ದು. ಬರುತ್ತಿದ್ದಾಳೆ. ಹೋಗಿದ್ದು ಹದಿಮೂರು ಲಕ್ಷ ನಲವತ್ತೊಂಬತ್ತು ಸಾ—