ಒಂದು ಹಿಡಿ ಕೊಸರು

ಕಮಲಾಪುರ
16 ಫೆಬ್ರುವರಿ 2025

ಮಗಳೇ ಸಂಘಮಿತ್ರಾ,

ನಿನಗೂ ಅಳಿಯಂದಿರಿಗೂ ಜೈಭೀಮ್. ಬರೆಯುವುದು ತಡವಾಯಿತು, ಬೇಜಾರಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮವ್ವ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾಳೆ. ಅದಕ್ಕೇ ಟೆಂಪೋ ಶಿವಲಿಂಗನ ಕೈಯಲ್ಲಿ ಈ ಕಾಗದ ಜೇವರ್ಗಿ ಕಾಲೋನಿಯ ನಿಮ್ಮ ಮನೆಗೆ ಕಳಿಸುತ್ತಿದ್ದೇನೆ.

ನಿಮ್ಮವ್ವನಿಂದ ನನಗೆ ಸಾಕುಸಾಕಾಗಿದೆ. ಆನ್‌ಲೈನಿಗೆ ಕಳಿಸಿದ ನಮ್ಮ ತೊಗರಿಬೇಳೆಯಲ್ಲಿ ನಲವತ್ತು ಪ್ಯಾಕೆಟ್ ಮತ್ತೆ ವಾಪಸ್ ಬಂದಿವೆ. ತೂಕ ಹೊಂದುವುದಿಲ್ಲವಂತೆ! ಕಡಿಮೆ ಬಿದ್ದರೆ ವಾಪಸ್ ಮಾಡಲಿ, ಹೆಚ್ಚಾಯಿತೆಂದು ವಾಪಸ್ ಮಾಡುವ ಗಿರಾಕಿಯನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ನಾನು ಒಂದು ಕಿಲೋ ತೂಗಿಟ್ಟು ಆಚೆ ತಿರುಗಿದರೆ ಸಾಕು, ಈಕೆ ಒಂದು ಹಿಡಿ ಕೊಸರು ಹಾಕಿ ಅಂಟಿಸಿಬಿಡುತ್ತಾಳೆ.

"ಇದು ಸಂತಿ ಅಲ್ಲ, ಅಲ್ಲಿ ಮಷೀನು ತೂಗತದ," ಅಂದೆ.

"ಮಷೀನು ಉಣ್ತದೇನ್ರೀ? ಉಣ್ಣೋರು ಮಂದಿ. ನಾಳಿ ಹೊಸ ಪ್ಯಾಕೇಟಿನ ಮ್ಯಾಲ ನನ್ನ ಮಾರಿ ಬರೋದದ. ಸಾವಿತ್ರಿಬಾಯಿ ಕೈ ಬಿಗಿ ಅಂದ್ರ ಹ್ಯಾಂಗ?"

ಇಂಥವಳಿಗೆ ಏನು ಹೇಳಲಿ? ಹೋದ ಸಲ ನೀನು ಹಸಿರು ಸೀರೆ ಉಡಿಸಿ ಫೋಟೋ ತೆಗೆದೆಯಲ್ಲ, ಅಂದಿನಿಂದ ಓಣಿಗೆಲ್ಲ ಸಾರಿದ್ದಾಳೆ. ಪಕ್ಕದ ಮನೆಯ ದಿಲ್ಶಾದ್ ಬೇಗಂ ಬೇರೆ, "ನೋಡ್ರೀ ಆಪಾ, ನಿಮ್ಮ ಮಾರಿ ಮುಂಬೈತನಕ ಹೋಗ್ತದ" ಎಂದು ಉಬ್ಬಿಸುತ್ತಾಳೆ.

ಇನ್ನೊಮ್ಮೆ ವಾಪಸ್ ಬಂದರೆ ನಮ್ಮನ್ನು ಆ್ಯಪಿನಿಂದಲೇ ತೆಗೆಯುತ್ತಾರೆ ಎಂದು ನೀನೇ ಹೇಳಿದ್ದೆ. ನೀನು ಕಷ್ಟಪಟ್ಟು ಕಟ್ಟಿದ ವ್ಯಾಪಾರ, ಇನ್ನು ನಾನೇ ಕಾವಲು ಕೂರುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಪ್ಪ,
ತುಕಾರಾಮ

ತಾ.ಕ.: ಇದನ್ನು ನಿನ್ನೆ ಬರೆದಿಟ್ಟಿದ್ದೆ. ಸಂಜೆ ಕಪನೂರದ ಪ್ರೆಸ್ಸಿನಿಂದ ನೀನು ಅಚ್ಚು ಹಾಕಿಸಿದ ಹೊಸ ಪ್ಯಾಕೆಟ್‌ಗಳು ಬಂದವು. ನಿಮ್ಮವ್ವ ಕೈ ತೊಳೆದು ಬಂದು ತಾನೇ ಕಟ್ಟು ಬಿಚ್ಚಿದಳು. ಮೇಲೆ ಯಾರೋ ಬೆಳ್ಳಗಿನ ಹೆಂಗಸು, ಹಸಿರು ಸೀರೆ ಉಟ್ಟು ನಗುತ್ತಿದ್ದಾಳೆ. "ಅಚ್ಚಿನವರು ತಪ್ಪು ಮಾಡ್ಯಾರ" ಎಂದು ಸುಳ್ಳು ಹೇಳಿದೆ. ಆಕೆ ನಂಬಲಿಲ್ಲ. ನಿಮ್ಮವ್ವನ ಮುಖಕ್ಕೇನಾಗಿತ್ತು ಮಗಳೇ? ನನಗೆ ಬಹಳ ನೋವಾಯಿತು.

ಇವತ್ತು ಬೆಳಗ್ಗೆಯಿಂದ ಅರವತ್ತು ಪ್ಯಾಕೆಟ್ ತುಂಬಿದ್ದಾಳೆ. ಕೊಸರು ಹಾಕಲಿಲ್ಲವೇ ಎಂದು ನಾನೇ ಕೇಳಿದೆ. ಪ್ಯಾಕೆಟ್ ಮೇಲಿನ ಹೆಂಗಸನ್ನು ತೋರಿಸಿ, "ಹಾಕೋದಿದ್ರ ಆಕೀನ ಹಾಕ್ಲಿ" ಅಂದಳು.

ಒಂದೊಂದನ್ನೂ ತೂಗಿ ನೋಡಿದೆ. ತೂಕ ಸರಿಯಾಗಿದೆ, ಇನ್ನು ಒಂದೂ ವಾಪಸ್ ಬರುವುದಿಲ್ಲ.