ಹಂಪಕ್ಕನ ಮೂರು ನಿಮಿಷ

ಹಟ್ಟಿ ಕೆಳಪೇಟೆ
ಫೆಬ್ರವರಿ ೩೦, ೨೧೯೧

ನೂರೈವತ್ತು ವರ್ಷಕ್ಕೂ ಹಿಂದೆ ಕುಳಿತು ಈ ಕಾಗದ ಬಿಚ್ಚುತ್ತಿರುವ ಮಹನೀಯರೇ, ತಾಯಂದಿರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ಹೆಸರಿಲ್ಲ. ಆ ದಿನಗಳಲ್ಲಿ ಯಾರೂ ಯಾರನ್ನೂ ಕೆಲಸಕ್ಕೆ ಕರೆಯುವಂತಿಲ್ಲ. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಶಬ್ದಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ, ಆದಷ್ಟು ಬಿಡಿಸಿ ಹೇಳುತ್ತೇನೆ. ನಾನು ವಿರೂಪಣ್ಣ ಮುದಗಲ್ಲ, ನಾಟಕ ಕಂಪನಿಯ ಪರದೆಯ ಹಿಂದೆ ಹುಟ್ಟಿ ಬೆಳೆದವನು, ಈಗ ಪಿಯಾನೊ ನುಡಿಸುವವನು. ಕೊನೆಯ ಸಾಲಿಗೆ ಕೇಳುವಂತೆ ಮಾತಾಡುವುದು ನಮ್ಮ ಮನೆತನದ ಚಾಳಿ. ಕಾಗದದಲ್ಲೂ ಧ್ವನಿ ದೊಡ್ಡದಾಯಿತು ಎನಿಸಿದರೆ ಅದು ಸಿಟ್ಟಲ್ಲ. ಹನ್ನೊಂದು ದಿನಗಳ ಮೇಲೆ ಇವತ್ತು ಹೊಟ್ಟೆ ತುಂಬ ಉಂಡಿದ್ದೇನೆ. ಯಾಕೆ ಎಂಬುದನ್ನು ಯಾರಿಗಾದರೂ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ.

ನಾವಿರುವುದು ಹಟ್ಟಿಯ ಹಳೆಯ ಚಿನ್ನದ ಗಣಿಯ ಮೇಲ್ಮಟ್ಟದ ಸುರಂಗಗಳಲ್ಲಿ. ನೆಲದ ಮೇಲೆ ಹಗಲಿನ ಬಿಸಿಲು ತಡೆಯಲಾಗದೆ ನಮ್ಮ ಮುತ್ತಜ್ಜಂದಿರು ಕೆಳಗಿಳಿದರು, ಊರಿಗೆ ಕೆಳಪೇಟೆ ಎಂದು ಹೆಸರಾಯಿತು. ಇಲ್ಲಿ ರೊಟ್ಟಿ ತಟ್ಟುವ ಸದ್ದು ಮೂರು ಓಣಿಯಾಚೆ ಕೇಳುತ್ತದೆ, ಮಕ್ಕಳು ಗೋಡೆಗೆ ಕಿವಿ ಹಚ್ಚಿ ನೆರೆಮನೆಯ ಜಗಳದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಎರಡನೇ ಸುರಂಗದ ತುದಿಯಲ್ಲಿ ನಮ್ಮ ನೈಟ್‌ಕ್ಲಬ್ ಇದೆ. ಕೆಳಗೆ ಸೂರ್ಯನೇ ಬರುವುದಿಲ್ಲವಾದ್ದರಿಂದ ಅದು ಬೆಳಿಗ್ಗೆ ಹನ್ನೊಂದಕ್ಕೆ ತೆರೆಯುತ್ತದೆ. ಇಲ್ಲಿಯೇ ನಾವು ಮೂವರು ಜಾಝ್ ನುಡಿಸುವುದು. ಪಿಯಾನೊಕ್ಕೆ ನಾನು, ಡ್ರಮ್ಮಿಗೆ ಖಾಜಾಹುಸೇನ, ಆಳೆತ್ತರದ ತಂತಿವಾದ್ಯ ಬಾಸಿಗೆ ಹಂಪವ್ವ ಕವಿತಾಳ. ನಮಗೆಲ್ಲ ಆಕೆ ಹಂಪಕ್ಕ, ವಯಸ್ಸು ಅರವತ್ತೊಂಬತ್ತು.

ನಿಮ್ಮ ಕಾಲದ ಹಾಡು, ಚಿತ್ರ, ಮಾತುಗಳೆಲ್ಲ ಯಂತ್ರಗಳ ನೆನಪಿನಲ್ಲಿದ್ದವಂತೆ. ನನಗೆ ಹತ್ತು ವರ್ಷವಾಗಿದ್ದಾಗ ಆ ನೆನಪು ಒಂದೇ ವಾರದಲ್ಲಿ ಅಳಿಸಿಹೋಯಿತು. ನಾವು ಅದಕ್ಕೆ ಮಹಾಮರೆವು ಎನ್ನುತ್ತೇವೆ. ಈಗ ಸದ್ದನ್ನು ಉಳಿಸುವ ಸಾಧನ ಒಂದೇ, ಸದ್ದುಗಲ್ಲು. ಹಸಿ ಜೇಡಿಯ ಬಿಲ್ಲೆಯ ಮೇಲೆ ಮುಚ್ಚಿದ ಪೆಟ್ಟಿಗೆಯೊಳಗೆ ಮುಳ್ಳು ಕೊರೆಯುತ್ತ ಹೋಗುತ್ತದೆ, ನಲವತ್ತು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ. ಹನ್ನೊಂದು ದಿನ ಗೂಡಿನಲ್ಲಿ ಬೆಂದಮೇಲೆಯೇ ಕೇಳಲು ಸಾಧ್ಯ. ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಒಂದು ತಂಡಕ್ಕೆ ಜೀವಮಾನದಲ್ಲಿ ಒಂದೇ ಕಲ್ಲು.

ಐವತ್ತು ವರ್ಷ ಬಾರಿಸಿದ ಹಂಪಕ್ಕನ ಒಂದು ಸ್ವರವೂ ಎಲ್ಲಿಯೂ ಉಳಿದಿರಲಿಲ್ಲ. ಆಕೆಯ ಎಡಗೈ ನರ ಸೆಟೆಯುತ್ತಿದೆ. ನಾಳೆ ಶಸ್ತ್ರಚಿಕಿತ್ಸೆ. ಆಮೇಲೆ ಆ ಕೈ ಬಟ್ಟಲು ಹಿಡಿದೀತು, ತಂತಿ ಒತ್ತಲಾರದು ಎಂದು ವೈದ್ಯರು ಹೇಳಿದ್ದಾರೆ. ಆಕೆಯ ಸದ್ದು ಉಳಿಯಲೆಂದೇ ನಾವು ಕಲ್ಲಿಗೆ ಅರ್ಜಿ ಹಾಕಿದ್ದು. ಕಡೆಯ ಎಂಟು ನಿಮಿಷ ಆಕೆ ಒಬ್ಬಳೇ ನುಡಿಸಬೇಕೆಂದು ಗೊತ್ತಾಗಿತ್ತು.

ಅದನ್ನು ಹಾಳುಮಾಡಲು ಹೊರಟವನು ನಾನೇ. ಜಾಝ್‌ನಲ್ಲಿ ಮೂವರೂ ಒಂದು ಧಾಟಿ ಹಿಡಿದು, ಆಮೇಲೆ ಒಬ್ಬೊಬ್ಬರೂ ಸರದಿಯಲ್ಲಿ ಆ ಕ್ಷಣಕ್ಕೆ ತೋಚಿದಂತೆ ಅದನ್ನು ಬೆಳೆಸುತ್ತೇವೆ. ಒಮ್ಮೆ ಬಂದದ್ದು ಮತ್ತೆ ಹಾಗೆಯೇ ಬರುವುದಿಲ್ಲ. ಕಲ್ಲು ಕೊರೆಯುವ ದಿನ ಕ್ಲಬ್ಬಿಗೆ ಬಂದಿದ್ದವರೋ ನಾಟಕ ನೋಡಿ ಪಳಗಿದ ಜನ. ನನ್ನ ಸರದಿ ಮುಗಿಯುತ್ತಲೇ ಮೊದಲ ಸಾಲಿನಿಂದ ಮುದುಕರೊಬ್ಬರು, “ವನ್ಸ್ ಮೋರ್” ಎಂದು ಕೂಗಿದರು. ಸ್ವಾಮಿ, ನಮ್ಮಜ್ಜ ರಣರಂಗದಲ್ಲಿ ಬಾಣ ತಗಲಿ ಸತ್ತುಬಿದ್ದ ಮೇಲೂ ಆ ಕೂಗು ಕೇಳಿದರೆ ಎದ್ದು ಕುಳಿತು, ಅದೇ ಪದ ಹಾಡಿ, ಇನ್ನೊಮ್ಮೆ ಸತ್ತವರು. ನನ್ನ ಬೆರಳು ನನ್ನನ್ನು ಕೇಳಲಿಲ್ಲ. ಮೊದಲಿನಿಂದ ಹಿಡಿದೆ. ಮುಗಿಸಿದರೆ ಆ ಮುದುಕರು, “ಇದು ಬ್ಯಾರೇನ ಆತಲ್ರಿ ಮಾಸ್ತರ. ಮೊದ್ಲಿನದ್ನ ಬಾರ್ಸ್ರಿ,” ಎಂದರು. ಸಭೆ ಹೌದೌದು ಎಂದಿತು. ಮೊದಲಿನದನ್ನು ಹುಡುಕುತ್ತ ಮೂರನೇ ಸಲ ಶುರುಮಾಡಿದೆ. ಅದು ಇನ್ನೂ ಬೇರೆಯಾಯಿತು. ಖಾಜಾ ಡ್ರಮ್ಮಿನ ಹಿಂದಿನಿಂದ ಹಲ್ಲು ಕಚ್ಚಿ, “ವಿರೂಪಣ್ಣಾ, ದೀಪ ನೋಡಲೇ,” ಎಂದ.

ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತಿತ್ತು. ಮೂರು ನಿಮಿಷ ಉಳಿದಿದೆ ಎಂದರ್ಥ, ಮುಳ್ಳು ನಿಂತಮೇಲೂ ಅದು ಆರುವುದಿಲ್ಲ. ನಡುರಂಗದಲ್ಲಿ ಮಾತು ಮರೆತ ನಟನಿಗೆ ಆಗುವುದೆಲ್ಲ ನನಗಾಯಿತು. ಪಿಯಾನೊದಿಂದ ಕೈಯೆತ್ತಿ, ಎದ್ದು ಮುಂದೆ ಬಂದು ಸಭೆಗೆ ಕೈಮುಗಿದೆ. ವನ್ಸ್ ಮೋರ್ ನಿಲ್ಲಿಸಲು ನಟನಿಗಿರುವ ದಾರಿ ಅದೊಂದೇ, ಅದಕ್ಕೆ ಎದುರಾಡುವ ಪ್ರೇಕ್ಷಕನಿಲ್ಲ. ಸಭೆ ಗಪ್ಪಾಯಿತು. ಹಂಪಕ್ಕ ನನ್ನತ್ತ ನೋಡದೆ, “ಕುಣದು ಮುಗೀತೇನಪ? ಅತ್ಲಾಗ ಸರಿ, ಗಾಳಿ ಬರ್ಲಿ,” ಎಂದಳು. ಆಮೇಲೆ ನುಡಿಸತೊಡಗಿದಳು.

ಎಂಟು ನಿಮಿಷಕ್ಕೆಂದು ಕೂಡಿಟ್ಟದ್ದನ್ನು ಅವಳು ಅವಸರಪಡಿಸಲಿಲ್ಲ. ಒಂದು ಸ್ವರ ಇಟ್ಟು, ಅದು ಸುರಂಗದ ಗೋಡೆ ಮುಟ್ಟಿ ಬರುವವರೆಗೆ ಕಾದು, ಇನ್ನೊಂದು ಇಟ್ಟಳು. ಕೈ ಒಮ್ಮೆ ಸೆಟೆಯಿತು. ಬಿಟ್ಟು, ಕೊಡವಿ, ಅಲ್ಲಿಂದಲೇ ಹಿಡಿದಳು. ಮೂರು ನಿಮಿಷ ಮೀರಿತೆಂದೇ ನನಗನಿಸಿತು. ಅವಳು ಮುಗಿಸುವ ಮೊದಲೇ ಮುಳ್ಳು ನಿಂತಿತೋ ಇಲ್ಲವೋ, ಕಲ್ಲು ಬೇಯುವವರೆಗೆ ದೇವರಿಗೂ ತಿಳಿಯದು.

ಆ ಹನ್ನೊಂದು ದಿನ ನಾನು ಹಂಪಕ್ಕನ ಓಣಿಯಲ್ಲಿ ನಡೆಯಲಿಲ್ಲ, ಸುತ್ತುಹಾಕಿ ಹೋಗುತ್ತಿದ್ದೆ. ಅವಳೇ ಒಮ್ಮೆ ಗೋಡೆಯಾಚೆಯಿಂದ, “ವಿರೂಪಣ್ಣಾ, ಉಣ್ಣಾಕ ಬಾ, ಕಲ್ಲು ಅಳ್ತೈತೇನು ನಿನ್ನ ನೋಡಿ,” ಎಂದು ಕೂಗಿದಳು. ಹೋಗಲಿಲ್ಲ.

ಇಂದು ಬೆಳಿಗ್ಗೆ ಗೂಡು ತೆರೆದರು. ಮೂವರೂ ಕುಳಿತು ಕೇಳಿದೆವು. ನನ್ನ ಮೂರು ಸಲದ ಹುಚ್ಚಾಟ ಇದೆ, ಮುದುಕರ ತಕರಾರಿದೆ, ಅದು ಶಾಶ್ವತ. ಆಮೇಲೆ ಹಂಪಕ್ಕ ಬಂದಳು. ಮೊದಲ ಸ್ವರ, ಗೋಡೆಯ ಮರುದನಿ, ಕೈ ಸೆಟೆದಾಗಿನ ಆ ಚಿಕ್ಕ ಖಾಲಿ ಜಾಗ, ಮತ್ತೆ ಹಿಡಿದದ್ದು, ಕಡೆಯ ಸ್ವರ ಪೂರ್ತಿಯಾಗಿ. ಅದರ ಹಿಂದೆ ಖಾಜಾ ಬಿಟ್ಟ ಉದ್ದನೆಯ ಉಸಿರು. ಅಲ್ಲಿಗೆ ಕಲ್ಲು ಮುಗಿದಿದೆ. ಇನ್ನೊಂದು ಉಸಿರಿಗೂ ಜಾಗವಿರಲಿಲ್ಲ.

ತನ್ನನ್ನು ತಾನು ಮೊದಲ ಸಲ ಕೇಳಿದ ಹಂಪಕ್ಕ, “ನಾ ಇದಕ್ಕಿಂತ ಚಲೋ ಬಾರಸ್ತೀನಿ ಅನ್ಕೊಂಡಿದ್ದೆ,” ಎಂದಳು. ಖಾಜಾ ನಗುತ್ತ ಅತ್ತ. ಅವಳೂ ನಕ್ಕಳು. ನಾಳೆಯ ಚಿಕಿತ್ಸೆಗೆ ಸೀರೆ ಮಡಚಿಕೊಳ್ಳಲು ಎದ್ದುಹೋದಳು, ಬೀಗರ ಊರಿಗೆ ಹೊರಟವಳಂತೆ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಊರಿನ ಕ್ಲಬ್ಬಿನಲ್ಲಿಯೂ ಬಾಸ್ ನುಡಿಸುವವರು ಹಿಂದೆ ನಿಂತಿರುತ್ತಾರೆ. ಅವರ ಸರದಿ ಬಂದಾಗಲೇ ಜನ ಮಾತಿಗೆ ತೊಡಗುತ್ತಾರೆಂದು ಕೇಳಿದ್ದೇನೆ. ದಯವಿಟ್ಟು ಆಗ ಮಾತಾಡಬೇಡಿ. ಬಟ್ಟಲು ಕೆಳಗಿಟ್ಟು, ಮೂರು ನಿಮಿಷ ಅವರ ಕಡೆ ತಿರುಗಿ ಕುಳಿತುಕೊಳ್ಳಿ.

ಇಂತು ನಿಮ್ಮ ಮುಂದಿನವನು,
ವಿರೂಪಣ್ಣ ಮುದಗಲ್ಲ